‘ಸರ್ವರ್ ಇಲ್ಲ, ನಾಳೆ ಬಾ’ – ಇನ್ನು ಸಾಕು!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರೇ, ಕಾಯಿ ಸುಲಿಯುವ ಅಣ್ಣಂದಿರೇ, ಕೊಬ್ಬರಿ ಒಡೆಯುವ ಅಕ್ಕಂದಿರೇ, ಬೆಂಗಳೂರಿನ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ನಮ್ಮ ಮಕ್ಕಳೇ!

ಒಂದು ಕಾಲದಲ್ಲಿ ನಾವು ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದೆವು. ನೆನಪಿದೆಯಾ? ದೆವ್ವ ಬಂದರೆ ಓದಿಕೊಂಡು ಹಾಗೇ ವಾಪಸ್ ಹೋಗಲಿ ಅಂತ.

ಈಗ ಅದೇ ಮಾತನ್ನು ನಮಗೆ ಹೇಳುತ್ತಿದ್ದಾರೆ! ಪಡಿತರಕ್ಕೆ ಹೋಗಿ: ಸರ್ವರ್ ಇಲ್ಲ, ನಾಳೆ ಬಾ. ಪಹಣಿಗೆ ಹೋಗಿ: ಸರ್ವರ್ ಬ್ಯುಸಿ, ನಾಳೆ ಬಾ. ವರ್ಷವಿಡೀ ಅಟ್ಟದಲ್ಲಿ ಕಾಪಾಡಿದ ಕೊಬ್ಬರಿಗೆ ಬೆಂಬಲ ಬೆಲೆ ಬೇಕು ಅಂತ ಹೋಗಿ: ಪೇಜ್ ಓಪನ್ ಆಗ್ತಿಲ್ಲ, ನಾಳೆ ಬಾ.

ನಾವೇನು ದೆವ್ವಗಳಾ?

2024ರ ಆರಂಭವನ್ನು ನೆನಪು ಮಾಡಿಕೊಳ್ಳಿ. ಹಿಂದಿನ ವರ್ಷ ಕೊಬ್ಬರಿ ಕ್ವಿಂಟಲಿಗೆ ಎಂಟು ಒಂಬತ್ತು ಸಾವಿರದ ಆಸುಪಾಸಿಗೆ ಕುಸಿದಿತ್ತು. ಧರಣಿ ಕೂತೆವು. ಗಂಟಲು ಹರಿಯುವಂತೆ ಕೂಗಿದೆವು. ಆಮೇಲೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 12,000 ರೂಪಾಯಿ ಬೆಂಬಲ ಬೆಲೆ ಹೇಳಿತು. ರಾಜ್ಯ ಸರ್ಕಾರ ಅದರ ಮೇಲೆ 1,500 ಕೊಟ್ಟಿತು. ಒಟ್ಟು 13,500! ಹತ್ತು ಕ್ವಿಂಟಲ್ ಇದ್ದ ಮನೆಗೆ ಹತ್ತಿರ ಹತ್ತಿರ ಐವತ್ತು ಸಾವಿರದ ವ್ಯತ್ಯಾಸ. ಸೊಸೈಟಿ ಸಾಲ ತೀರುತ್ತಿತ್ತು. ಮಗಳ ಕಾಲೇಜು ಫೀಸು ಕಟ್ಟಬಹುದಿತ್ತು.

ಆದರೆ ಕೊಳ್ಳುವುದಕ್ಕೆ ಮಿತಿ ಇತ್ತು: 62,500 ಟನ್. ನೋಂದಣಿ ಮಾಡಿಸಿದವರಿಗೆ ಮಾತ್ರ. ಅದೂ ಮೊದಲು ಬಂದವರಿಗೆ ಮೊದಲು!

ಆಗ ಏನಾಯಿತು, ನಿಮಗೆ ಹೇಳಬೇಕಾ? ರಾತ್ರಿಯೇ ಬಂದು ಸಾಲು ನಿಂತವರು ನೀವು. ಮಾಗಿಯ ಚಳಿಯಲ್ಲಿ ಕಂಬಳಿ ಹೊದ್ದು ಕೂತವರು ನೀವು. ಹಸು ಕರೆಯುವುದನ್ನು ಪಕ್ಕದ ಮನೆಯವರಿಗೆ ಹೇಳಿ ಬಂದವರು, ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸಿದವರು ನೀವು. ಬೆಳಗಾದರೆ ಕಿಟಕಿಯೊಳಗೆ ಒಬ್ಬ ಹುಡುಗ, ಅವನ ಮುಂದೆ ಒಂದು ಪರದೆ. ಆ ಪರದೆಯ ಮೇಲೆ ತಿರುಗುತ್ತಲೇ ಇರುವ ಒಂದು ಚಕ್ರ!

ಕೆಲವೇ ದಿನದಲ್ಲಿ ಗುರಿ ಮುಗಿಯಿತು. ಬಾಗಿಲು ಮುಚ್ಚಿತು. ಹೊರಗೆ ನಾವು, ಒಳಗೆ ಪಟ್ಟಿ. ಆ ಪಟ್ಟಿಯಲ್ಲಿ ನಕಲಿ ಹೆಸರುಗಳಿವೆ ಎಂಬ ಕೂಗು ಎದ್ದಿತು. ಕೊನೆಗೆ ಸರ್ಕಾರ ಇಡೀ ನೋಂದಣಿಯನ್ನೇ ರದ್ದು ಮಾಡಿತು! ಮಾರ್ಚ್‌ನಲ್ಲಿ ಮತ್ತೆ ಮೊದಲಿನಿಂದ. ಈ ಸಲ ಹೆಬ್ಬೆಟ್ಟು ಕಡ್ಡಾಯ. ಪ್ರಾಮಾಣಿಕವಾಗಿ ಸಾಲು ನಿಂತು ಚೀಟಿ ಪಡೆದವರೂ ಮತ್ತೆ ಸಾಲಿಗೆ! ಕಳ್ಳನನ್ನು ಹಿಡಿಯಲು ಊರನ್ನೆಲ್ಲ ಮತ್ತೆ ಬಿಸಿಲಲ್ಲಿ ನಿಲ್ಲಿಸಿದರು.

ಕಾಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯುವ ಜನ ನಾವು. ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಷ್ಟು ಹೊತ್ತು ಇಲಿ, ಮಳೆ, ಸಾಲಗಾರ ಎಲ್ಲರನ್ನೂ ತಡೆದು ನಿಲ್ಲುತ್ತೇವೆ. ಆದರೆ ಮರಕ್ಕಾಗಿ ಕಾಯುವುದು ಬೇರೆ. ಯಾರೋ ಸರಿಯಾಗಿ ಯೋಚನೆ ಮಾಡದೆ ಕಟ್ಟಿದ ತಂತ್ರಾಂಶಕ್ಕಾಗಿ ಕಾಯುವುದು ಬೇರೆ!

ಯಾರಿಗೆ ಪೆಟ್ಟು ಬಿತ್ತು, ನೋಡಿ.

ಐವತ್ತು ವರ್ಷ ಮಟ್ಟೆ ಕಿತ್ತು, ಗರಿ ಹೆಣೆದು, ಕೊಬ್ಬರಿ ಒಡೆದ ಅಜ್ಜಿಯ ಹೆಬ್ಬೆಟ್ಟು ಸವೆದುಹೋಗಿದೆ. ಯಂತ್ರ ಅವಳನ್ನು ಗುರುತಿಸುವುದಿಲ್ಲ. ಒರೆಸಿ ಒತ್ತು ಅನ್ನುತ್ತಾರೆ. ಒದ್ದೆ ಮಾಡಿ ಒತ್ತು ಅನ್ನುತ್ತಾರೆ. ಎಣ್ಣೆ ಹಚ್ಚಿ ಒತ್ತು ಅನ್ನುತ್ತಾರೆ. ಯಾವ ಕೆಲಸ ಆ ಕೊಬ್ಬರಿಯನ್ನು ತಯಾರು ಮಾಡಿತೋ ಅದೇ ಕೆಲಸ ಅವಳ ಗುರುತನ್ನು ಅಳಿಸಿತು! ಇದು ಆ ತಂತ್ರಾಂಶ ಬರೆದವರಿಗೆ ಗೊತ್ತಿತ್ತಾ? ಒಂದು ದಿನ ನಮ್ಮ ಜಗಲಿ ಮೇಲೆ ಕೂತಿದ್ದರೆ ಗೊತ್ತಾಗುತ್ತಿತ್ತು.

ಗಂಡ ತೀರಿಕೊಂಡ ಅಕ್ಕ. ತೋಟ ಇನ್ನೂ ಮಾವನ ಹೆಸರಲ್ಲಿದೆ. ಪೌತಿ ಖಾತೆ ಆಗಿಲ್ಲ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ಗುರುತಿನ ಸಂಖ್ಯೆ, ಇಲ್ಲ. ಫ್ರೂಟ್ಸ್ ಐಡಿ ಇಲ್ಲದಿದ್ದರೆ ನೋಂದಣಿ ಇಲ್ಲ. ಮರಕ್ಕೆ ನೀರು ಹಾಯಿಸುವವಳು ಅವಳು, ಕಂಪ್ಯೂಟರ್ ಪ್ರಕಾರ ಅವಳು ರೈತಳೇ ಅಲ್ಲ!

ತೋಟ ಗುತ್ತಿಗೆ ಮಾಡಿದವನು. ಕೊಬ್ಬರಿ ಅವನದು, ಜಮೀನು ಇನ್ನೊಬ್ಬರದು. ಅವನಿಗಾಗಿ ಆ ಅರ್ಜಿಯಲ್ಲಿ ಒಂದು ಖಾನೆಯಾದರೂ ಇತ್ತಾ?

ಅಣ್ಣ ತಮ್ಮ ನಾಲ್ವರ ಜಂಟಿ ಖಾತೆ. ಪಹಣಿಯಲ್ಲಿ ತೆಂಗಿನ ಬದಲು ರಾಗಿ ಅಂತ ಬಿದ್ದಿದೆ. ತೋಟಗಾರಿಕೆ ಇಲಾಖೆಗೆ ಹೋದರೆ ಕಂದಾಯ ಇಲಾಖೆಗೆ ಹೋಗು. ಅಲ್ಲಿಗೆ ಹೋದರೆ ಬೆಳೆ ಸಮೀಕ್ಷೆಯವರನ್ನು ಕೇಳು. ಒಂದು ಅಕ್ಷರ ತಿದ್ದಲು ಮೂರು ಕಚೇರಿ, ಆರು ಬಸ್ಸು, ಕೂಲಿ ಇಲ್ಲದ ನಾಲ್ಕು ದಿನ!

ಕಿಟಕಿಯೊಳಗೆ ಕೂತ ಆ ಹುಡುಗನನ್ನೂ ಮರೆಯಬೇಡಿ. ಅವನೂ ನಮ್ಮವನೇ. ತಂತ್ರಾಂಶ ಮಾಡಿದವನು ಅವನಲ್ಲ. ತಪ್ಪು ಕಂಡರೆ ಹೇಳಲು ಅವನಿಗೆ ಒಂದು ನಂಬರೂ ಇಲ್ಲ, ದಾರಿಯೂ ಇಲ್ಲ. ಇದ್ದ ಬೈಗುಳವೆಲ್ಲ ಅವನಿಗೆ. ನಾವೂ ಬೈದೆವು. ತಪ್ಪಾಯಿತು, ತಮ್ಮ!

ಈಗ ಒಂದು ಮಾತು ಕೇಳಿ. ಎಲ್ಲರೂ ಹೇಳುವುದು ಒಂದೇ: ಸರ್ವರ್ ಜೋರಾಗಿದ್ದಿದ್ದರೆ ಸರಿಹೋಗುತ್ತಿತ್ತು.

ಸರಿಹೋಗುತ್ತಿರಲಿಲ್ಲ!

ಸ್ವಲ್ಪ ಲೆಕ್ಕ ಹಾಕಿ. ಕೊಳ್ಳುವುದು 62,500 ಟನ್ ಅಷ್ಟೇ. ಸರ್ವರ್ ಎರಡು ಪಟ್ಟು ಜೋರಾದರೆ ಆ ಮಿತಿ ಅರ್ಧದಷ್ಟು ದಿನದಲ್ಲೇ ಮುಗಿಯುತ್ತಿತ್ತು. ಕೌಂಟರ್ ಹತ್ತು ಹೆಚ್ಚಿಸಿದರೆ ಇನ್ನೂ ಬೇಗ. ಹೊನ್ನವಳ್ಳಿಯ ಮೂಲೆಯಿಂದ, ಹಂದನಕೆರೆಯಿಂದ, ದಬ್ಬೇಘಟ್ಟದಿಂದ ಬಸ್ಸು ಹಿಡಿದು ಬರುವವನು ಆಗಲೂ ಹೊರಗೇ! ಮಿತಿ ಇಟ್ಟು, ಮೊದಲು ಬಂದವರಿಗೆ ಮೊದಲು ಅಂದರೆ ಓಟ ಶುರುವಾಗುತ್ತದೆ. ಓಟ ಶುರುವಾದರೆ ನುಗ್ಗಲು ಗೊತ್ತಿರುವವನು ಗೆಲ್ಲುತ್ತಾನೆ. ಅವನು ಗೆದ್ದರೆ ನಕಲಿ ಅಂತ ಕೂಗು. ಕೂಗೆದ್ದರೆ ರದ್ದು. ರದ್ದಾದರೆ ಹೆಬ್ಬೆಟ್ಟು. ಹೆಬ್ಬೆಟ್ಟು ಬಂದರೆ ಅಜ್ಜಿ ಮನೆಗೆ!

ಇವೆಲ್ಲ ಬೇರೆ ಬೇರೆ ತೊಂದರೆಗಳಲ್ಲ. ಒಂದೇ ಹಗ್ಗದ ಗಂಟುಗಳು. ಒಂದನ್ನು ಎಳೆದರೆ ಇನ್ನೊಂದು ಬಿಗಿಯುತ್ತದೆ.

ನಿಮಗೆ ಇದು ಹೊಸದಲ್ಲ. ಕಪ್ಪು ತಲೆ ಹುಳು ಬಂದಾಗ ಏನು ಕಂಡಿರಿ? ನಿಮ್ಮೊಬ್ಬರ ತೋಟಕ್ಕೆ ಮದ್ದು ಕೊಟ್ಟರೆ ಪಕ್ಕದ ತೋಟದಿಂದ ಹುಳು ಮತ್ತೆ ಬರುತ್ತದೆ. ಅದಕ್ಕೇ ಆ ಹುಳುವನ್ನು ತಿನ್ನುವ ಗೊನಿಯೋಜಸ್ ಕಣಜವನ್ನು ಊರಿಗೆ ಊರೇ ಸೇರಿ ಬಿಡಬೇಕು ಅನ್ನುತ್ತಾರೆ. ಮರ ನೋಡಿದರೆ ಸಾಲದು, ಸೀಮೆ ನೋಡಬೇಕು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆ ‘ಸಿಸ್ಟಮ್ಸ್ ಥಿಂಕಿಂಗ್’ ಅಂತ ದೊಡ್ಡ ಹೆಸರು, ದುಬಾರಿ ತರಬೇತಿ. ನಮ್ಮಲ್ಲಿ ಅದಕ್ಕೆ ಬುದ್ಧಿ ಅಂತಾರೆ.

ಇನ್ನೊಂದು ಹೆಸರಿದೆ: ಅಜೈಲ್. ನಿಮ್ಮ ಮಗನನ್ನೋ ಸೊಸೆಯನ್ನೋ ಕೇಳಿ. 2001ರಲ್ಲಿ ಅಮೆರಿಕದ ಯೂಟಾ ಬೆಟ್ಟದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಜನ ಸಾಫ್ಟ್‌ವೇರಿನವರು ಸೇರಿದರು. ಅವರಿಗೂ ರೋಸಿ ಹೋಗಿತ್ತು. ವರ್ಷಗಟ್ಟಲೆ ಕಾಗದ ಬರೆದು, ಕರಾರು ಮಾಡಿ, ಕೊನೆಗೊಂದು ದಿನ ತಂತ್ರಾಂಶವನ್ನು ಜನರ ತಲೆ ಮೇಲೆ ಹಾಕುವುದು. ಅದು ಕೆಲಸ ಮಾಡದೆ ಎಲ್ಲರೂ ಒದ್ದಾಡುವುದು. ಹಾಗೆ ಬೇಡ ಅಂದರು. ಸ್ವಲ್ಪ ಮಾಡಿ, ಬಳಸುವವನ ಕೈಗೆ ಕೊಡಿ, ಅವನ ಮಾತು ಕೇಳಿ, ತಿದ್ದಿ, ಮತ್ತೆ ಸ್ವಲ್ಪ ಮಾಡಿ. ಇಷ್ಟೇ ವಿಷಯ!

ಇದೇನು ಮಹಾ ವಿದ್ಯೆಯಾ? ಅಟ್ಟದ ಕಾಯಿಯನ್ನೆಲ್ಲ ನಾವು ಒಂದೇ ದಿನ ಕೆಳಗಿಳಿಸಿ ಒಡೆಯುತ್ತೇವಾ? ಹತ್ತು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಎರಡು ಒಡೆದು ನೋಡುತ್ತೇವೆ. ಹಸಿ ಇದ್ದರೆ ಬಿಡುತ್ತೇವೆ. ನಾವು ಎರಡು ಕಾಯಿ ಒಡೆದು ನೋಡುವ ಜನ. ನಮ್ಮ ಮೇಲೆ ಮಾತ್ರ ಇಡೀ ಅಟ್ಟವನ್ನೇ ಒಂದೇ ಸಲ ಕೆಡವಿದರು!

ಬಿಡದಿಯ ಟೊಯೊಟ ಕಾರ್ಖಾನೆಯ ಹೆಸರು ಕೇಳಿದ್ದೀರಿ. ಅಜೈಲ್‌ನವರು ಕಲಿತ ಎಷ್ಟೋ ಪಾಠ ಆ ಟೊಯೊಟ ಪದ್ಧತಿಯದು. ಅದರಲ್ಲಿ ಒಂದು ಹಗ್ಗದ ಕಥೆ ಇದೆ. ಸಾಲಿನಲ್ಲಿ ನಿಂತು ಬೋಲ್ಟ್ ಬಿಗಿಯುವ ಕೆಲಸಗಾರನಿಗೂ ತಪ್ಪು ಕಂಡರೆ ಹಗ್ಗ ಎಳೆಯುವ ಹಕ್ಕು. ಎಳೆದರೆ ಮೇಲ್ವಿಚಾರಕ ಅವನ ಹತ್ತಿರ ಓಡಿ ಬರಬೇಕು. ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಯಾಕೆ ಎಳೆದೆ ಅಂತ ಬೈಯುವಂತಿಲ್ಲ.

ನಮ್ಮ ನೋಂದಣಿ ಕೇಂದ್ರದ ಹುಡುಗನಿಗೆ ಆ ಹಗ್ಗ ಎಲ್ಲಿ? ಸಾಲಿನಲ್ಲಿ ನಿಂತ ನಿಮಗೆ ಎಲ್ಲಿ?

ಕರ್ನಾಟಕಕ್ಕೆ ಇದು ಗೊತ್ತಿಲ್ಲದ ವಿದ್ಯೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ! ‘ಭೂಮಿ’ ಬಂದಾಗ ನೋಡಿದ್ದೀರಿ. ಇಪ್ಪತ್ತೈದು ವರ್ಷದ ಹಿಂದೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಹೋಯಿತು. ಕೈಬರಹದ ಪಹಣಿ ನಿಂತಿತು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಆ ಕೌಂಟರ್‌ಗಳಲ್ಲಿ ಒಂದು ಚಿಕ್ಕ ಉಪಾಯ ಮಾಡಿದ್ದರು. ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆ! ಒಳಗಿನವನು ಏನು ಒತ್ತುತ್ತಾನೆ ಅಂತ ಹೊರಗಿನವನು ನೋಡಬಹುದಿತ್ತು. ಖಾತೆ ಬದಲಾವಣೆಯ ಅರ್ಜಿಯನ್ನು ಬಂದ ಸರದಿಯಲ್ಲೇ ತೆಗೆಯಬೇಕಿತ್ತು, ನಡುವೆ ನುಗ್ಗಿಸಲು ಕಂಪ್ಯೂಟರ್ ಬಿಡುತ್ತಿರಲಿಲ್ಲ. ಅಲ್ಲಿ ಸರದಿ ನ್ಯಾಯ, ಯಾಕೆಂದರೆ ಕೊನೆಯವನಿಗೂ ಸಿಗುತ್ತಿತ್ತು. ಕೊಬ್ಬರಿಯಲ್ಲಿ ಸರದಿ ಅನ್ಯಾಯ, ಯಾಕೆಂದರೆ ಕೊನೆಯವನಿಗೆ ಸಿಗುವುದಿಲ್ಲ! (ಭೂಮಿಯಲ್ಲೂ ತಪ್ಪಿಲ್ಲ ಅಂತಲ್ಲ. ಪಹಣಿಯ ಒಂದು ಕೊಂಬು, ಒಂದು ಸೊನ್ನೆ ತಿದ್ದಿಸಲು ಅಲೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.)

ಈಗ ಕೆಲವರು ಕೇಳುತ್ತಾರೆ: ಬೆಲೆ ಏರಿತಲ್ಲ, ಇನ್ನೇನು ಗಲಾಟೆ?

ಹೌದು, ಏರಿತು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್ 25,000 ದಾಟಿತು. ಆ ವರ್ಷದ ಬೆಂಬಲ ಬೆಲೆ 12,100. ನೋಂದಣಿ ಯಾರಿಗೆ ಬೇಕಿತ್ತು? ಆದರೆ ನಿಮ್ಮ ಅಟ್ಟ ನೋಡಿಕೊಳ್ಳಿ. ಬೆಲೆ ಇದ್ದಾಗ ಕಾಯಿ ಎಲ್ಲಿತ್ತು? ಬರ, ನುಸಿ, ಕಾಂಡ ಸೋರುವ ರೋಗ, ಅಣಬೆ ರೋಗ. ಕಾಯಿ ಕಡಿಮೆಯಾಗಿದ್ದಕ್ಕೇ ಬೆಲೆ ಬಂತು! ಮರ ಚೇತರಿಸಿಕೊಂಡರೆ ಬೆಲೆ ಇಳಿಯುತ್ತದೆ. ಕೊಬ್ಬರಿ ಬೆಲೆ ಏರಿ ಇಳಿಯುವುದನ್ನು ನಮ್ಮ ತಾತಂದಿರೂ ಕಂಡಿದ್ದಾರೆ. ಇಳಿದ ದಿನ ಮತ್ತೆ ನೋಂದಣಿ. ಮತ್ತೆ ಅದೇ ಚಕ್ರ, ಅದೇ ಚಳಿ, ಅದೇ ಕಂಬಳಿ!

ಬೆಲೆ ಬಿದ್ದ ಮೇಲೆ ಕೂಗಿದರೆ ಒಂದೇ ವಾರದಲ್ಲಿ ಹೊಲಿದ ಹರಕು ತಂತ್ರಾಂಶವನ್ನೇ ಮತ್ತೆ ತರುತ್ತಾರೆ. ಹೆಂಚು ತಿರುವುವುದು ಮಳೆಗಾಲಕ್ಕೆ ಮುಂಚೆ! ಕೇಳಬೇಕಾದ ಸಮಯ ಇದೇ.

ಏನು ಕೇಳೋಣ?

ಓಟ ನಿಲ್ಲಿಸಿ ಅಂತ ಕೇಳೋಣ! ಯಾರಿಗೆ ಎಷ್ಟು ಎಕರೆ ತೆಂಗಿದೆ ಅಂತ ಫ್ರೂಟ್ಸ್‌ನಲ್ಲಿ ಇದೆ, ಬೆಳೆ ಸಮೀಕ್ಷೆಯಲ್ಲಿ ಇದೆ. ಇರುವ ಮಿತಿಯನ್ನು ಮೊದಲೇ ತೋಟದ ಲೆಕ್ಕದಲ್ಲಿ ಹಂಚಿ. ಚಿಕ್ಕ ಹಿಡುವಳಿಯವರ ಪಾಲು ಮೊದಲು ಎತ್ತಿಡಿ. ಹಳ್ಳಿಗೊಂದು ದಿನ ಗೊತ್ತು ಮಾಡಿ. ಮೊದಲ ದಿನ ಬಂದರೂ ಕೊನೆಯ ದಿನ ಬಂದರೂ ನನ್ನ ಪಾಲು ನನಗೇ ಅಂತ ಗೊತ್ತಾದರೆ ರಾತ್ರಿ ಹೋಗಿ ಮಲಗುವವರು ಯಾರು? ನಕಲಿ ಹೆಸರು ತೂರಿಸುವ ಲಾಭವಾದರೂ ಏನು?

ಮೊದಲು ಒಂದು ಹೋಬಳಿಯಲ್ಲಿ ಮಾಡಿ ನೋಡಿ! ನೊಣವಿನಕೆರೆಯಲ್ಲೋ, ಮಾಯಸಂದ್ರದಲ್ಲೋ, ಶೆಟ್ಟಿಕೆರೆಯಲ್ಲೋ. ಬೇಸಿಗೆಯಲ್ಲಿ, ಬೆಲೆ ಚೆನ್ನಾಗಿರುವಾಗ, ಯಾರ ಹೊಟ್ಟೆಗೂ ಕುತ್ತಿಲ್ಲದಾಗ. ತಂತ್ರಾಂಶ ಬರೆದವರು ಅಲ್ಲಿಗೆ ಬಂದು ಜಗಲಿ ಮೇಲೆ ಕೂರಲಿ. ಸವೆದ ಹೆಬ್ಬೆಟ್ಟಿನ ಅಜ್ಜಿ ಮೊದಲು ಒತ್ತಲಿ. ಪೌತಿ ಖಾತೆ ಆಗದ ಅಕ್ಕ ಎರಡನೆಯವಳು. ಗುತ್ತಿಗೆಯವನು ಮೂರನೆಯವನು. ಇವರು ಮೂವರೂ ದಾಟಿದರೆ ಉಳಿದವರೆಲ್ಲ ದಾಟುತ್ತಾರೆ! ದಾಟದಿದ್ದರೆ ಎರಡು ವಾರದಲ್ಲಿ ತಿದ್ದಿಕೊಂಡು ಬನ್ನಿ. ನಾವು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇವೆ.

ಕೇಂದ್ರದ ಹೊರಗೆ ಒಂದು ಕರಿಹಲಗೆ ಬೇಕು. ಇಂದು ಎಷ್ಟು ಜನ ಬಂದರು, ಎಷ್ಟು ಜನರಿಗೆ ಆಯಿತು, ಎಷ್ಟು ಜನ ಯಾವ ಹಂತದಲ್ಲಿ ವಾಪಸ್ ಹೋದರು. ಬರೆಯಲು ಸೀಮೆಸುಣ್ಣ ಸಾಕು! ‘ಇಷ್ಟು ಟನ್ ನೋಂದಣಿಯಾಯಿತು’ ಅಂತ ಪೇಪರಿನಲ್ಲಿ ಹಾಕಿಸುತ್ತಾರೆ. ವಾಪಸ್ ಹೋದವರ ಲೆಕ್ಕ ಯಾರು ಹಾಕಿಸುತ್ತಾರೆ?

ಆಮೇಲೆ ನೋಂದಣಿಯೊಂದನ್ನೇ ನೋಡಬೇಡಿ. ಅಟ್ಟದಿಂದ ಬ್ಯಾಂಕಿನವರೆಗೆ ನೋಡಿ! ನೋಂದಣಿ ಆದರೂ ಚೀಲ ಇಲ್ಲ ಅಂತ ನಿಲ್ಲುತ್ತದೆ. ಚೀಲ ಬಂದರೆ ಗುಣಮಟ್ಟ ಇಲ್ಲ ಅಂತ ಲಾರಿ ವಾಪಸ್. ತೂಕ ಆದರೆ ಗೋದಾಮು ತುಂಬಿದೆ. ಎಲ್ಲ ಆದರೂ ದುಡ್ಡು ಖಾತೆಗೆ ಬಿದ್ದಿಲ್ಲ, ಆಧಾರ್ ಜೋಡಣೆ ಆಗಿಲ್ಲ. ಬಾಗಿಲೊಂದನ್ನು ಅಗಲ ಮಾಡಿ ಹಿತ್ತಿಲ ಗೋಡೆ ಹಾಗೇ ಬಿಟ್ಟರೆ ಜನ ನಡುಮನೆಯಲ್ಲಿ ಸಿಕ್ಕಿಬೀಳುತ್ತಾರೆ.

ಬೆಂಗಳೂರಿನಲ್ಲಿರುವ ಮಕ್ಕಳೇ, ಈಗ ನಿಮ್ಮ ಸರದಿ!

ನಿಮ್ಮ ಕಷ್ಟವೂ ನಮಗೆ ಗೊತ್ತು. ದಿನಾ ಬೆಳಗ್ಗೆ ಹದಿನೈದು ನಿಮಿಷ ನಿಂತು ನಿನ್ನೆ ಏನು ಮಾಡಿದೆ ಅಂತ ಒಪ್ಪಿಸುತ್ತೀರಿ. ಎರಡು ವಾರಕ್ಕೊಂದು ಸ್ಪ್ರಿಂಟ್. ಹೆಸರೇ ಓಟ! ಅಜೈಲ್ ಅಂದರೆ ಬಳಸುವವನ ಮಾತು ಕೇಳುವುದು ಅಂತ ಓದಿದಿರಿ. ಎಷ್ಟೋ ಕಡೆ ಅದು ಮ್ಯಾನೇಜರ್ ಕೈಯ ಬಾರುಕೋಲಾಗಿದೆ. ಯಾರಿಗಾಗಿ ಬರೆಯುತ್ತಿದ್ದೀರೋ ಅವರ ಮುಖ ನೀವು ನೋಡುವುದಿಲ್ಲ. ನಮ್ಮಂತೆ ನೀವೂ ಸಾಲಿನಲ್ಲೇ ನಿಂತಿದ್ದೀರಿ. ನಿಮ್ಮ ಸಾಲಿಗೆ ಎ.ಸಿ. ಇದೆ, ಅಷ್ಟೇ!

ಶನಿವಾರ ರೈಲು ಹತ್ತಿ ಊರಿಗೆ ಬರುತ್ತೀರಲ್ಲ, ಒಂದು ಭಾನುವಾರ ನಮಗೆ ಕೊಡಿ. ಊರ ಅರಳಿಕಟ್ಟೆ ಮೇಲೆ ಕೂತು ಸಾಲಿನಲ್ಲಿ ನಿಂತವರ ಕಥೆ ಬರೆದುಕೊಳ್ಳಿ. ಯಾರು, ಎಲ್ಲಿ, ಯಾವ ಪೇಜಿನಲ್ಲಿ ಸಿಕ್ಕಿಬಿದ್ದರು. ಕಲ್ಪತರು ತಾಂತ್ರಿಕ ಕಾಲೇಜಿನಲ್ಲಿ ಓದುತ್ತಿರುವ ತಮ್ಮ ತಂಗಿಯರೇ, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾ ಅಲೆಯಬೇಡಿ. ವಿಷಯ ನಿಮ್ಮ ಮನೆಯ ಅಟ್ಟದಲ್ಲಿದೆ! ನಾವು ಬಾಯಲ್ಲಿ ಹೇಳಿದ್ದನ್ನು ಅಧಿಕಾರಿಗಳು ಗೋಳು ಅನ್ನುತ್ತಾರೆ. ನೀವು ಅದನ್ನೇ ನಕ್ಷೆ ಮಾಡಿ ತೋರಿಸಿದರೆ ಕುರ್ಚಿ ಕೊಟ್ಟು ಕೂರಿಸುತ್ತಾರೆ. ಸಂಕಟದ ಮಾತು, ಆದರೆ ನಿಜ.

ಮತ್ತೆ ನಾವು. ಗ್ರಾಮಸಭೆಗೆ ಹೋಗೋಣ. ಅಲ್ಲಿ ರಸ್ತೆ ಕೇಳುತ್ತೇವೆ, ಚರಂಡಿ ಕೇಳುತ್ತೇವೆ. ಈ ಸಲ ಇದನ್ನೂ ಕೇಳೋಣ! ‘ಕೊಬ್ಬರಿ ನೋಂದಣಿಯ ಮುಂದಿನ ತಂತ್ರಾಂಶವನ್ನು ನಮ್ಮ ಮುಂದೆ ಪರೀಕ್ಷೆ ಮಾಡದೆ ಚಾಲೂ ಮಾಡಬಾರದು’ ಅಂತ ಒಂದು ಸಾಲಿನ ಠರಾವು ಸಾಕು. ಒಂದು ಪಂಚಾಯಿತಿ ಮಾಡಿದರೆ ಕಡತಕ್ಕೆ ಸೇರುತ್ತದೆ. ಮೂರು ತಾಲೂಕಿನ ಎಲ್ಲ ಪಂಚಾಯಿತಿ ಮಾಡಿದರೆ ಕಡತ ವಿಧಾನಸೌಧಕ್ಕೆ ಹೋಗುತ್ತದೆ!

10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. 2024ರಲ್ಲಿ ಎಷ್ಟು ಅರ್ಜಿ ಅರ್ಧಕ್ಕೆ ನಿಂತವು? ಎಷ್ಟು ಹೆಬ್ಬೆಟ್ಟು ಹೊಂದಲಿಲ್ಲ? ಚಾಲೂ ಮಾಡುವ ಮುಂಚೆ ಯಾವ ಊರಿನ ಯಾವ ರೈತರ ಮುಂದೆ ಪರೀಕ್ಷೆ ಮಾಡಿದರು? ಉತ್ತರ ಬಂದರೆ ಓದೋಣ. ಬರದಿದ್ದರೆ ಅದನ್ನೂ ಊರಿಗೆಲ್ಲ ಓದಿ ಹೇಳೋಣ!

ಈ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ. ಹುಳಿಯಾರು ಸಂತೆಯಲ್ಲಿ, ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ, ದಂಡಿನಶಿವರದ ಬಸ್ ಸ್ಟಾಂಡಿನಲ್ಲಿ ಇನ್ನೊಬ್ಬರ ಕೈಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.

ಗ್ರಾಮಸಭೆಗೆ ಬರುವಾಗ ನಿಮ್ಮ 2024ರ ಚೀಟಿ ತನ್ನಿ. ಎರಡನ್ನೂ ತನ್ನಿ, ರದ್ದಾಗಿದ್ದು ಒಂದು, ಆಮೇಲಿಂದು ಒಂದು. ಒಂದೂ ಸಿಗದವರು ಬರಿಗೈಲಿ ಬನ್ನಿ. ಮುಂದಿನ ಸಾಲಿನಲ್ಲಿ ಕೂರುವವರು ನೀವೇ!

– ಸಾಲಿನಲ್ಲಿ ನಿಂತವರು